ಇಳಿಯದ ವಿಮಾನದ ನಂಬರು

ಆಕಾಶಕ್ಕೆ ಮಿತಿಯಿಲ್ಲ ಅಂತಾರಲ್ಲ, ಅದೆಲ್ಲ ಹೊರಗಿನವರ ಮಾತು. ಟಿಕೆಟ್ಟಿನ ಮೇಲಿರುವ ವಿಮಾನದ ನಂಬರಿಗೆ ನಾಲ್ಕಂಕಿ, ಅಷ್ಟೇ; ಐದನೆಯದಕ್ಕೆ ಜಾಗವೇ ಇಲ್ಲ. ಕಂಪನಿಯೋ, ಇನ್ನೆರಡು ಕಂಪನಿಗಳನ್ನು ನುಂಗಿ ಹಾಸಿಗೆ ಮೀರಿ ಕಾಲು ಚಾಚಿತು. ನಂಬರುಗಳು ಮುಗಿಯುತ್ತಾ ಬಂದವು. ಒದ್ದಾಟ ಯಾರಿಗೆ? ನಂಬರು ಹಂಚುವ ಅಕ್ಕನಿಗೆ! ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ.

ಕೊನೆಗೆ ಉಳಿದದ್ದು ಒಂದೇ ನಂಬರು, ಸಮುದ್ರದ ಮೇಲೆ ಕಾಣೆಯಾದ ವಿಮಾನದ್ದು. ಬಿದ್ದ ವಿಮಾನದ ನಂಬರನ್ನು ಮತ್ತೆ ಯಾವುದಕ್ಕೂ ಕೊಡುವುದಿಲ್ಲ, ಅದು ಈ ಕಸುಬಿನ ರೂಢಿ. ಅದನ್ನು ಹಾರಿಸುತ್ತಿದ್ದ ಕ್ಯಾಪ್ಟನ್ನು ಅಕ್ಕನ ಒಡಹುಟ್ಟಿದ ತಮ್ಮ. ಹೆಣವೂ ಸಿಗಲಿಲ್ಲ. ಅಮ್ಮ ಇಂದಿಗೂ ಅವನ ದಾರಿ ಕಾಯುತ್ತಾಳೆ.

"ಅದನ್ನೇ ಸಂಜೆ ವಿಮಾನಕ್ಕೆ ಕೊಡಮ್ಮ," ಎಂದರು ಮ್ಯಾನೇಜರು.

"ಕಂಪ್ಯೂಟರ್ ಬಿಡ್ತಿಲ್ಲ ಸಾರ್. ಇನ್ನೂ ಹಾರ್ತಾ ಇದೆ ಅಂತ ತೋರಿಸ್ತಿದೆ."

ನಿಜವೇ. ಇಳಿದ ಹೊತ್ತನ್ನು ಕಂಪ್ಯೂಟರಿಗೆ ತುಂಬಿದರೆ ಮಾತ್ರ ನಂಬರು ಬಿಡುಗಡೆ. ಇಳಿಯದ್ದಕ್ಕೆ ಯಾರು ತುಂಬುತ್ತಾರೆ? ಅಕ್ಕನಿಗಂತೂ ಮನಸ್ಸು ಬಂದಿರಲಿಲ್ಲ. ಪರದೆಯ ಮೇಲಾದರೂ ತಮ್ಮ ಹಾರುತ್ತಿರಲಿ ಎಂಬ ಹುಚ್ಚು ಆಸೆ.

"ಈಗ ಇಳೀತು ಅಂತ ತುಂಬಮ್ಮ. ನಿನ್ನ ಗಂಟೇನು ಹೋಗುತ್ತೆ?"

ಎಲಾ ಮನುಷ್ಯ! ಅವನ ತಮ್ಮನಾಗಿದ್ದರೆ ಹೀಗೆ ಹೇಳುತ್ತಿದ್ದನೇ? ಅಕ್ಕ ಹಲ್ಲು ಕಚ್ಚಿ ತುಂಬಿದಳು. ತಮ್ಮನನ್ನು ಕೈಯಾರೆ ಮುಗಿಸಿದಂತೆನಿಸಿತು. ಮ್ಯಾನೇಜರು ಮರುಕ್ಷಣವೇ ಆ ನಂಬರನ್ನು ಸಂಜೆ ವಿಮಾನಕ್ಕೆ ಏರಿಸಿಬಿಟ್ಟರು.

ಕಚೇರಿಯ ಕೆಳಗೆ ವಿಮಾನ ನಿಲ್ದಾಣದ ಹಾಲ್‌ನಲ್ಲಿ ಲಗೇಜು ಬರುವ ಬೆಲ್ಟು ತಾನಾಗಿಯೇ ತಿರುಗತೊಡಗಿತು. ಬಂದ ಒಂದೊಂದು ಪೆಟ್ಟಿಗೆಯಿಂದಲೂ ನೀರು ಸೋರುತ್ತಿತ್ತು. "ಯಾವ ವಿಮಾನದ್ದಪ್ಪಾ ಇದು?" ಎಂದು ಕೂಲಿಯವನು ಕೂಗುತ್ತಿದ್ದ. ಮೇಲಿನ ಗಾಜಿಗೆ ಮುಖವೊತ್ತಿ ಅಕ್ಕ ನೋಡುತ್ತಿದ್ದಳು.

ಮೊಬೈಲು ಹೊಡೆದುಕೊಂಡಿತು. ಅಮ್ಮ.

"ನಿನ್ನ ತಮ್ಮ ಬಂದಿದಾನೆ ಕಣೇ! ಪಾಪ, ಮೈಯೆಲ್ಲ ಒದ್ದೆ."

"ಅಮ್ಮಾ, ಬಾಗಿಲು ತೆಗೀಬೇಡ! ನಿನ್ನ ದಮ್ಮಯ್ಯ!"

"ಹೆತ್ತ ಮಗನ್ನ ಹೊರಗೆ ನಿಲ್ಲಿಸ್ಲಾ? ಚೆನ್ನಾಗಿ ಹೇಳ್ದೆ! ಆದ್ರೆ ಕೂರೋಕೂ ಪುರುಸೊತ್ತಿಲ್ಲವಂತೆ. ಅವನ ನಂಬರು ಸಂಜೆ ಮತ್ತೆ ಹೊರಡುತ್ತಂತಲ್ಲ. ಈ ಸಲ ನನ್ನೂ ಕರ್ಕೊಂಡು ಹೋಗ್ತಾನಂತೆ. ಇಡ್ತೀನಿ, ಹೊತ್ತಾಯ್ತು."

ಮತ್ತೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅಕ್ಕ ಓಡಿಬಂದು ನಂಬರನ್ನು ಅಳಿಸಲು ಕೀಲಿ ಒತ್ತಿದಳು. ಅಳಿಯಲಿಲ್ಲ. ಮತ್ತೆ ಮತ್ತೆ ಒತ್ತಿದಳು.

"ಏನಮ್ಮಾ ಮಾಡ್ತಿದೀಯ?" ಮ್ಯಾನೇಜರು ಅವಳ ಕೈ ಹಿಡಿದರು. "ಟಿಕೆಟ್ ಕೊಟ್ಟಾದ್ಮೇಲೆ ನಂಬರು ಅಳಿಸೋಕಾಗುತ್ತಾ? ಆಗ್ಲೇ ಒಂದು ಕೊಟ್ಟಾಗಿದೆ. ಯಾರೋ ವಯಸ್ಸಾದ ಹೆಂಗಸಿಗಂತೆ, ಕ್ಯಾಪ್ಟನ್ನೇ ಹೇಳಿ ಕೊಡಿಸಿದಾರೆ."