ಟೋಕನ್ ನಾಲ್ಕು, ಕೋಣೆ ಹತ್ತೊಂಬತ್ತು

ಚಾಮರಾಜಪೇಟೆಯ ಹಲ್ಲಿನ ಆಸ್ಪತ್ರೆಯೊಂದಕ್ಕೆ ರೋಗಿಗಳನ್ನು ಕರೆಯುವ ಯಂತ್ರ ಮಾಡಿಕೊಟ್ಟವರು ನಾಗಭೂಷಣ್ ಮತ್ತು ಅವನ ಹೆಂಡತಿ ಶರಣ್ಯ. ಯಂತ್ರದೊಳಗೆ ಯಜಮಾನಿಕೆ ಮಾಡುವ ಕರ್ನಲ್ ಅವನ ಜವಾಬ್ದಾರಿ. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅವಳದು. ಪ್ರೋಗ್ರಾಂ ಕರ್ನಲ್ಲನ್ನು ಕರೆಯುವಾಗ ಮೊದಲ ಡಬ್ಬಿಯಲ್ಲಿ ಟೋಕನ್ ನಂಬರು, ಎರಡನೆಯದರಲ್ಲಿ ಕೋಣೆ ನಂಬರು ಇಟ್ಟು ಕರೆಯಬೇಕೆಂದು ಇಬ್ಬರ ನಡುವೆ ಮಾತಾಗಿತ್ತು. ಭಾನುವಾರ ಶರಣ್ಯ ಹೊಸ ಕಂಪೈಲರ್ ಹಾಕಿದಳು. ಅದು ಡಬ್ಬಿಗಳನ್ನು ಅದಲುಬದಲಾಗಿ ತುಂಬಿತು. ಕರ್ನಲ್ ಮಾತ್ರ ಹಳೆಯ ಕ್ರಮದಲ್ಲೇ ಓದಿತು.

ಸೋಮವಾರ ಬೆಳಗ್ಗೆ ಹದಿನೆಂಟನೇ ಟೋಕನ್‌ವರೆಗೆ ಬಾಯಲ್ಲೇ ಕರೆದು, ಆಮೇಲೆ ಯಂತ್ರ ಹಚ್ಚಿದರು. ಹತ್ತೊಂಬತ್ತನೇ ಟೋಕನ್‌ನವರು ನಾಲ್ಕನೇ ಕೋಣೆಗೆ ಹೋಗಬೇಕಿತ್ತು. ಸ್ಪೀಕರ್ ಗಂಭೀರವಾಗಿ, "ಟೋಕನ್ ನಾಲ್ಕು, ಕೋಣೆ ಹತ್ತೊಂಬತ್ತು" ಎಂದಿತು.

ಆಸ್ಪತ್ರೆಯಲ್ಲಿ ಇದ್ದದ್ದೇ ಆರು ಕೋಣೆ. ನಾಲ್ಕನೇ ಟೋಕನ್ ಹಿಡಿದು, ಸರದಿ ತಪ್ಪಿಸಿಕೊಂಡು ಕಾಯುತ್ತಿದ್ದವಳು ಶ್ರೀರಾಂಪುರದಲ್ಲಿ ಸೊಪ್ಪು ಮಾರುವ ಮುನಿರತ್ನಮ್ಮ. ಊದಿದ ಕೆನ್ನೆ ಹಿಡಿದುಕೊಂಡು ಆಸ್ಪತ್ರೆಯೆಲ್ಲ ಹುಡುಕಿದಳು. ಆಮೇಲೆ ಹೊರಗೆ ಬಂದು, ಪಕ್ಕದ ಗೇಟಿನ ಮೇಲೆ ಹತ್ತೊಂಬತ್ತು ಎಂದು ಬರೆದಿದ್ದು ಕಂಡು ಒಳಗೆ ಹೋದಳು. ಅದು ಶೈಲಜಮ್ಮನ ಮನೆ.

"ಡಾಕ್ಟ್ರು ಇಲ್ವಾಮ್ಮಾ?"

"ಯಾವ ಡಾಕ್ಟ್ರು?"

"ಹಲ್ಲಿನವ್ರು. ಹತ್ತೊಂಬತ್ತಕ್ಕೆ ಬಾ ಅಂತ ಕೂಗಿದ್ರು."

ಶೈಲಜಮ್ಮ ಆ ಕೆನ್ನೆಯನ್ನು ನೋಡಿ, "ಮೊದ್ಲು ಕೂತ್ಕೊಳ್ಳಿ" ಎಂದು ಲವಂಗ ತರಲು ಎದ್ದರು.

ಅತ್ತ ಆಸ್ಪತ್ರೆಗೆ ಓಡಿಬಂದ ಗಂಡಹೆಂಡಿರ ಜಗಳ ಜೋರಾಗಿತ್ತು.

"ನಿನ್ನ ಕಂಪೈಲರ್ ಸರಿಮಾಡು."

"ಅದು ಸರಿಯಾಗೇ ಇದೆ. ನಿನ್ನ ಕರ್ನಲ್ ಬದಲಾಯ್ಸು."

"ಕರ್ನಲ್ ಯಾರಿಗೋಸ್ಕರಾನೂ ಬದಲಾಗಲ್ಲ."

"ಗೊತ್ತು. ಮದುವೆಯಾದಾಗಿಂದ ನೋಡ್ತಾನೇ ಇದೀನಲ್ಲ."

ಕಾಯುತ್ತಿದ್ದ ರೋಗಿಗಳು ಹಲ್ಲುನೋವು ಮರೆತು ಕೇಳಿದರು. ನಾಗಭೂಷಣ್ ಎಕ್ಸ್‌ರೇ ಕೋಣೆ ಸೇರಿದ, ಶರಣ್ಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಒಬ್ಬರೇ ಆದಾಗ ಇಬ್ಬರಿಗೂ ಮನಸ್ಸು ಕರಗಿತು. ಹೋಗಲಿ, ನಾನೇ ಸೋಲುತ್ತೇನೆ ಎಂದುಕೊಂಡು ಅವನು ಕರ್ನಲ್ ಓದುವ ಕ್ರಮವನ್ನು ತಿರುಗಿಸಿದ. ಅದೇ ಹೊತ್ತಿಗೆ ಅವಳು ಕಂಪೈಲರ್ ತುಂಬುವ ಕ್ರಮವನ್ನು ತಿರುಗಿಸಿದಳು.

ನಾಲ್ಕನೇ ಕೋಣೆಯ ಡಾಕ್ಟರ್ ಸತೀಶ್ ಇಪ್ಪತ್ತನೇ ಟೋಕನ್ ಕರೆಯಲು ಗುಂಡಿ ಒತ್ತಿದರು. "ಟೋಕನ್ ನಾಲ್ಕು, ಕೋಣೆ ಇಪ್ಪತ್ತು."

"ನಾನು ಸರಿಮಾಡಿದ್ನಲ್ಲ!" ಇಬ್ಬರೂ ಒಟ್ಟಿಗೇ ಕಿರುಚಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶರಣ್ಯಳಿಗೆ ನಗು ತಡೆಯಲಾಗಲಿಲ್ಲ.

ನಾಲ್ಕನೇ ಟೋಕನ್‌ನವಳನ್ನು ಕರೆತರಲು, ಆಕೆ ಹೋದದ್ದನ್ನು ಕಂಡವರ ಮಾತು ಕೇಳಿ ಮೂವರೂ ಪಕ್ಕದ ಮನೆಗೆ ಹೋದರು. ಮುನಿರತ್ನಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

"ಇಲ್ಲಿಗೇ ಬಾ ಅಂದ್ರಿ, ಬಂದಿದೀನಿ. ಈಗ ಇಪ್ಪತ್ತು ಅಂತ ಕೂಗ್ತಿದೀರ, ನಂಗೂ ಕೇಳಿಸ್ತು. ಎದ್ರೆ ಇಪ್ಪತ್ತೊಂದು ಅಂತೀರ. ಕೀಳೋದಾದ್ರೆ ಇಲ್ಲೇ ಕೀಳಿ."

ಡಾಕ್ಟರು ಎಷ್ಟು ಹೇಳಿದರೂ ಆಕೆ ಜಗ್ಗಲಿಲ್ಲ. ಕೊನೆಗೆ ಸೂಜಿ, ಇಕ್ಕಳ ಎಲ್ಲ ಶೈಲಜಮ್ಮನ ಹಜಾರಕ್ಕೆ ಬಂದವು. ನಾಗಭೂಷಣ್ ಮೊಬೈಲಿನ ಬೆಳಕು ಹಿಡಿದ, ಶರಣ್ಯ ಬೋಗುಣಿ ಹಿಡಿದಳು.

"ನನ್ನದನ್ನ ಮೊದಲಿದ್ದ ಹಾಗೇ ಮಾಡ್ತೀನಿ" ಎಂದ ಅವನು, ಮೆಲ್ಲಗೆ.

"ಮಾಡು. ನಾನು ಮುಟ್ಟಲ್ಲ. ಆದ್ರೆ ಮಾಡೋಕ್ ಮುಂಚೆ ಒಂದ್ಮಾತು ಹೇಳು."

"ಈಗ್ಲೇ ಹೇಳ್ತಿದೀನಲ್ಲ."

"ಸ್ವಲ್ಪ ಸುಮ್ನಿರಿ ಇಬ್ರೂ" ಎಂದರು ಡಾಕ್ಟರ್ ಸತೀಶ್. ಅಷ್ಟರಲ್ಲಿ ಹಲ್ಲು ಬಂತು.