ಮೂರನೇ ಕಾವಲಿನ ಕಳ್ಳ

ಸಿಂತೊಗಿದ್ದ ಆಸ್ತಿ ಅಂದ್ರೆ ಬಾಯಿ ಒಂದೇ. ಯುದ್ಧ ಶುರುವಾಗೋಕೆ ಮುಂಚೆ ಊರಿನ ಸಿನಿಮಾ ಶೆಡ್ಡಲ್ಲಿ ಪರದೆ ಪಕ್ಕ ನಿಂತು ಹಳೇ ಮೂಕಿ ಚಿತ್ರಗಳಿಗೆ ಡೈಲಾಗ್ ಹೊಡೀತಿದ್ದ. ಹೀರೋನೂ ಅವನೇ, ವಿಲನ್ನೂ ಅವನೇ, ಬಿಕ್ಕಿ ಬಿಕ್ಕಿ ಅಳೋ ಹೀರೋಯಿನ್ನೂ ಅವನೇ. ಕುದುರೆ ಕೆನೆಯೋಕೂ ಬೇರೆ ಆಳಿರಲಿಲ್ಲ. ಸೈನ್ಯಕ್ಕೆ ಎಳ್ಕೊಂಡು ಹೋದಾಗ ಜನ ಬಟ್ಟೆ ಕಟ್ಕೊಂಡ್ರೆ ಇವನು ಡೈಲಾಗ್ ಕೂಗೋ ತನ್ನ ತಗಡಿನ ತುತ್ತೂರಿ ಕಟ್ಕೊಂಡ.

ಈಗ ಅವನ ಥಿಯೇಟರು ಎಬ್ರೊ ನದಿ. ಈ ದಡದಲ್ಲಿ ಗಣರಾಜ್ಯದ ಸೈನ್ಯ, ಆ ದಡದಲ್ಲಿ ದಂಗೆ ಎದ್ದ ಜನರಲ್‌ಗಳ ಸೈನ್ಯ. ಚಳಿಗಾಲದಲ್ಲಿ ತೆರುಎಲ್ ಊರಿನ ಹಿಮದಲ್ಲಿ ಎರಡೂ ಕಡೆಯವರು ಸಾಯೋಷ್ಟು ಸತ್ತು, ಆಮೇಲೆ ಗಣರಾಜ್ಯದವರು ಸೋತು ಸೋತು ಹಿಂದೆ ಸರಿದು, ಬೇಸಿಗೆಗೆ ಈ ನದಿ ಹತ್ರ ಬಂದು ನಿಂತಿದ್ರು. ಮದ್ದುಗುಂಡಿಗಿಂತ ಬೈಗುಳ ಅಗ್ಗ. ಹಾಗಾಗಿ ದಿನಾ ಸಂಜೆ ಬೈಗುಳದ ಶೋ.

"ಲೇ ಕೆಂಪು ಮೂತಿ!" ಆಚೆಯಿಂದ ಗಲಿಸಿಯಾ ಕಡೆಯವನೊಬ್ಬ ಕೆಮ್ಮಿಕೊಂಡೇ ಕೂಗ್ತಿದ್ದ. ಉರ್ಬಾನೊ ಅಂತ ಹೆಸರು. "ಊಟಕ್ಕೇನೋ ಇವತ್ತು? ನಿನ್ನೆ ಬೇಯಿಸಿದ ಬೂಟಾ?"

"ಬೂಟ್ ಖಾಲಿ ಕಣೋ! ಇವತ್ತು ನಿಮ್ಮ ಕರ್ನಲ್ ಮೀಸೆ ಪಲ್ಯ. ಉಪ್ಪು ಕಮ್ಮಿ, ಕೂದ್ಲು ಜಾಸ್ತಿ!" ಅಂತ ಈಚೆಯಿಂದ ಸಿಂತೊ ತುತ್ತೂರೀಲಿ ಕೂಗೋನು.

ಎರಡೂ ದಡ ಬಿದ್ದು ಬಿದ್ದು ನಗೋದು.

ಇನ್ನೊಂದು ಪದ್ಧತಿ ಇತ್ತು. ಸಿಗರೇಟ್ ಸುತ್ತೋ ಕಾಗದದ ಕಾರ್ಖಾನೆ ಇದ್ದಿದ್ದು ಗಣರಾಜ್ಯದ ಕಡೆ, ತಂಬಾಕು ಬರ್ತಿದ್ದಿದ್ದು ಜನರಲ್‌ಗಳ ಕಡೆ. ಒಬ್ಬನ ಹತ್ರ ಬರೀ ಕಾಗದ, ಇನ್ನೊಬ್ಬನ ಹತ್ರ ಬರೀ ಸೊಪ್ಪು. ಯುದ್ಧ ಮಾಡ್ಬಹುದು ಗುರು, ಸಿಗರೇಟಿಲ್ದೆ ಹೆಂಗೆ ಮಾಡೋದು? ಅದಕ್ಕೆ ಮಧ್ಯಾಹ್ನ ಎರಡೂ ಕಡೆಯಿಂದ ಒಬ್ಬೊಬ್ಬ ಬರಿಗೈಲಿ ಈಜ್ಕೊಂಡು ನದಿ ನಡುವಿನ ಮರಳು ದಿಬ್ಬಕ್ಕೆ ಬರೋನು. ಕಾಗದ ಕೊಟ್ಟು ತಂಬಾಕು ತಗೊಂಡು ವಾಪಸ್. ಆ ಹೊತ್ತಲ್ಲಿ ಯಾರೂ ಗುಂಡು ಹಾರಿಸೋ ಹಾಗಿಲ್ಲ. ಆಫೀಸರ್‌ಗಳಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗಿದ್ರು.

ಈಚೆಯಿಂದ ಸಿಂತೊ ಈಜೋನು. ಆಚೆಯಿಂದ ಈಜ್ತಿದ್ದೋನು ಮೆಲ್ಸಿಯೊರ್. ಸಿಂತೊನ ಸ್ವಂತ ಅಣ್ಣ.

ಸಿನಿಮಾದಲ್ಲಾದ್ರೆ ಜಾತ್ರೇಲಿ ಕಳೆದುಹೋಗಿ ಹಚ್ಚೆ ನೋಡಿ ಸೇರ್ತಾರೆ. ಇಲ್ಲಿ ಅಷ್ಟೆಲ್ಲ ಬಿಲ್ಡಪ್ ಇರಲಿಲ್ಲ. ದಂಗೆ ಶುರುವಾದ ವಾರ ಮೆಲ್ಸಿಯೊರ್ ಸರಗೋಸಾದಲ್ಲಿ ಚಿಕ್ಕಮ್ಮನ ಬೇಕರೀಲಿ ಬ್ರೆಡ್ ಸುಡ್ತಿದ್ದ. ಆ ಊರು ಅವರ ಕೈಗೆ ಹೋಯ್ತು, ಇವನೂ ಅವರ ಕೈಗೆ ಹೋದ. ಮುಗೀತು. ಮೆಲ್ಸಿಯೊರ್ ಬೀಡಿ ಮುಟ್ಟೋನಲ್ಲ, ಬೇಲಿಯಾಚೆಗಿನ ಅಂಜೂರ ಕೀಳೋನಲ್ಲ. ಬಿದ್ದ ಹಣ್ಣನ್ನೂ ಮರದ ಬುಡಕ್ಕೇ ಇಟ್ಟು ಬರೋ ಪೈಕಿ. ತನ್ನ ಪಾಲಿನ ತಂಬಾಕನ್ನೇ ಕೂಡಿಟ್ಟು ತಮ್ಮನಿಗೆ ತಂದ್ಕೊಡ್ತಿದ್ದ.

ಸಂತ ಜೌಮೆ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಪಡೆಯ ರಾಜಕೀಯ ಅಧಿಕಾರಿ, ಕಮಿಸಾರ್, ಬಂದ. ಎಲ್ಲರನ್ನೂ ಆಲಿವ್ ತೋಪಿನೊಳಗೆ ಕೂರಿಸ್ಕೊಂಡ. ತೋಪಿನ ತುಂಬ ಕೊಂಬೆ ಮುಚ್ಚಿದ ದೋಣಿಗಳು.

"ನಾಳೆ ಬೆಳಕು ಹರಿಯೋವಾಗ ನಮ್ಮ ಕಂಪನಿ ನದಿ ದಾಟುತ್ತೆ," ಅಂದ. ಕಡ್ಡೀಲಿ ಮಣ್ಣಿನ ಮೇಲೆ ಗೆರೆ ಎಳೆದ. "ಮೊದಲ ಗ್ರೆನೇಡ್ ಇಲ್ಲಿಗೆ. ಆಚೆ ದಡದ ಮೂರನೇ ಕಾವಲು, ಆ ಮಣ್ಣಿನ ಚೀಲದ ಗೂಡು. ಅಲ್ಲಿರೋ ಮೆಷಿನ್‌ಗನ್ ಬದುಕಿದ್ರೆ ನಾವ್ಯಾರೂ ಬದುಕಲ್ಲ."

ಸಿಂತೊ ಆ ಗೆರೆ ನೋಡ್ದ. ಮೂರನೇ ಕಾವಲಲ್ಲಿ ಬೆಳಗಿನ ಪಾಳಿ ಅಣ್ಣನದು.

"ಇವತ್ತು ಎಲ್ಲಾ ದಿನಾ ಇದ್ದ ಹಾಗೇ ಇರ್ಬೇಕು," ಅಂದ ಕಮಿಸಾರ್. "ಈಜು, ಬೈಗುಳ, ಎಲ್ಲಾ. ಏನಪ್ಪಾ ತುತ್ತೂರಿ?"

"ಹೂಂ ಕಾಮ್ರೇಡ್."

"ಒಂದು ಮಾತು ಹೆಚ್ಚುಕಮ್ಮಿ ಆದ್ರೆ, ಬಾದಿಯಾ ನೋಡ್ಕೋತಾನೆ."

ಬಾದಿಯಾ ಅವರ ಕಾರ್ಪೊರಲ್. ಮನೆ ಪಕ್ಕದ ಬೀದಿಯವನೇ, ಅಣ್ಣತಮ್ಮಂದಿರಿಬ್ರನ್ನೂ ಬಲ್ಲೋನು. ಮೆತ್ತಗೆ ಸಿಂತೊ ಕಿವೀಲಿ ಹೇಳ್ದ, "ಮಗಾ, ನಿನ್ನ ಕಷ್ಟ ನಂಗೊತ್ತು. ಆದ್ರೆ ನೀನು ಬಾಯಿ ಬಿಟ್ರೆ ನಾನು ಹೊಡೀತೀನಿ. ಈ ದೋಣೀಲಿ ನನ್ನ ಭಾವಮೈದುನನೂ ಇದ್ದಾನೆ."

ಬಿಸಿತುಪ್ಪ ಬಾಯಲ್ಲಿ. ಉಗುಳಿದ್ರೆ ಈ ದಡದ ಅಷ್ಟೂ ಜನ ನೀರುಪಾಲು. ನುಂಗಿದ್ರೆ ಅಣ್ಣ. ಅಣ್ಣನ್ನ ಈಚೆಗೆ ಎಳ್ಕೊಂಡು ಬಂದುಬಿಡೋಣ ಅಂದ್ರೆ, ಕಾವಲಿನವನು ಕಾಣೆಯಾದ ತಕ್ಷಣ ಆಚೆ ದಡವೆಲ್ಲ ಎಚ್ಚರ. ಸರಗೋಸಾದಲ್ಲಿ ಚಿಕ್ಕಮ್ಮ ಜೈಲಿಗೆ.

ಮಧ್ಯಾಹ್ನ ದಿಬ್ಬದ ಮೇಲೆ ಮೆಲ್ಸಿಯೊರ್ ಮೊದಲೇ ಬಂದು ಕೂತಿದ್ದ. ಬೆನ್ನೆಲ್ಲ ಸುಟ್ಟು ಸುಲಿದಿತ್ತು.

"ಯಾಕೋ, ಮುಖ ಹರಳೆಣ್ಣೆ ಕುಡ್ದಂಗಿದೆ?"

"ನಿನ್ನ ಮುಖ ನೋಡಿ ಹಂಗಾಯ್ತು ಕಣಣ್ಣ." ಸಿಂತೊ ಎಣ್ಣೆಬಟ್ಟೆ ಗಂಟು ಕೈಗಿಟ್ಟ. ಕಾಗದದ ಕಟ್ಟು, ದಿನಕ್ಕಿಂತ ನಾಲ್ಕು ಪಟ್ಟು.

"ಅಯ್ಯೋ, ಇಷ್ಟೊಂದ್ಯಾಕೆ? ನಾನು ಸೇದಲ್ಲ, ಗೊತ್ತಲ್ಲ?"

"ಹಬ್ಬ ಅಲ್ವಾ. ನಿನ್ನ ಹತ್ರಾನೇ ಇಟ್ಕೋ, ನಾಳೆ ಹಂಚು. ಇವತ್ತು ಯಾರಿಗೂ ಕೊಡ್ಬೇಡ."

"ನಾಳೆ ನಮ್ಗೆ ಸೋಂಪಿನ ಸಾರಾಯಿ ಕೊಡ್ತಾರಂತೆ. ಒಂದು ಗುಟುಕು ತರ್ತೀನಿ. ಬೆಳಗಿನ ಪಾಳಿ ಮುಗಿಸ್ಕೊಂಡು ಬರ್ತೀನಿ, ಕಾಯ್ತಿರು."

ಬೆಳಗಿನ ಪಾಳಿ. ಸಿಂತೊ ದಡದ ಕಡೆ ನೋಡ್ದ. ಜೊಂಡಿನ ಸಂದೀಲಿ ಬಾದಿಯಾನ ಬಂದೂಕಿನ ಮೂತಿ ಮಿನುಗ್ತಿತ್ತು. 

"ಅಣ್ಣ, ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ."

"ಯಾಕೆ, ಏನು ಕಿತಾಪತಿ ಮಾಡಿದ್ಯೋ?"

"ಇನ್ನೂ ಮಾಡಿಲ್ಲ," ಅಂದವನೇ ನೀರಿಗೆ ಹಾರಿದ.

ಸಂಜೆ ಆಚೆ ದಡದಲ್ಲಿ ಕ್ಯಾಪ್ಟನ್ ತಪಾಸಣೆಗೆ ಬಂದಿದ್ದ. ವಾರಕ್ಕೊಂದ್ಸಲ ಬರೋನು. ಮಿರಮಿರ ಬೂಟು, ಕೊರಳಲ್ಲಿ ದುರ್ಬೀನು. ಸಿಂತೊ ಕಾಯ್ತಿದ್ದಿದ್ದೇ ಆ ಬೂಟಿಗೆ. ಶತ್ರುವಿನ ಜೊತೆ ಸೇರ್ಕೊಂಡ ಅಂದ್ರೆ ಅಣ್ಣನಿಗೆ ಗುಂಡು. ಉಗ್ರಾಣದ ತಂಬಾಕು ಕದ್ದ ಅಂದ್ರೆ? ಒದೆ, ಬೆಲ್ಟಿನೇಟು, ಗುಡ್ಡದ ಮೇಲಿನ ಹಳ್ಳೀಲಿ ಲಾಕಪ್ಪು. ಒದೆ ತಿಂದೋನು ಬದುಕ್ತಾನೆ. ಆದ್ರೆ ಕ್ಯಾಪ್ಟನ್‌ನ ಪಿತ್ತ ಇವತ್ತು ಎಷ್ಟು ಮೇಲಿದೆ ಅಂತ ಯಾರಿಗೆ ಗೊತ್ತು?

ತುತ್ತೂರಿ ಎತ್ತಿದ. ಬೆನ್ನಿಗೆ ತಣ್ಣಗೆ ಏನೋ ತಾಗ್ತು. ಬಾದಿಯಾನ ಬಂದೂಕು.

"ಮಹಿಳೆಯರೇ ಮಹನೀಯರೇ!" ಸಿನಿಮಾ ಶೆಡ್ಡಿನ ಗಂಟಲು ಅದು, ನದಿ ದಾಟಿ ಬಂಡೆಗೆ ಬಡಿದು ವಾಪಸ್ ಬಂತು. "ಇವತ್ತಿನ ಚಿತ್ರ, ಮೂರನೇ ಕಾವಲಿನ ಕಳ್ಳ!"

ಎರಡೂ ದಡ ಹೋ ಅಂತು.

"ಯಾವನೋ ಅವನು?" ಅಂತ ಉರ್ಬಾನೊ ಕೆಮ್ಮಿದ.

"ನಿಮ್ಮ ಮೆಲ್ಸಿಯೊರ್ ಕಣಪ್ಪಾ! ಮುಖ ನೋಡಿದ್ರೆ ಪಾದ್ರಿ, ಕೈ ನೋಡಿದ್ರೆ ಹೆಗ್ಗಣ! ನಿಮ್ಮ ಸಾರ್ಜೆಂಟ್ ಉಗ್ರಾಣದ ತಂಬಾಕು ಕದ್ದು ನಂಗೆ ಮಾರ್ತಾನೆ. ನಿಮ್ಗೆಲ್ಲ ವಾರದಿಂದ ಪಾಲು ಕಮ್ಮಿ ಬಂದಿಲ್ವೇನ್ರೋ? ಅವನ ಜೇಬು ನೋಡ್ರಿ! ಒಂದು ಕಂಪನಿಗಾಗೋಷ್ಟು ಕಾಗದ ಇಲ್ದಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ!"

ನಗು ಅರ್ಧಕ್ಕೇ ನಿಂತು ಆಚೆ ದಡದಲ್ಲಿ ಗಲಾಟೆ ಎದ್ದಿತು. ಯಾರೋ ಯಾರನ್ನೋ ಹಿಡ್ಕೊಂಡು ಎಳೀತಿದ್ರು. ಬಿಳೀ ಕಾಗದಗಳು ಗಾಳೀಲಿ ಹಾರಿದ್ವು. ಕಪಾಳಕ್ಕೆ ಬಿದ್ದ ಏಟು ಇಲ್ಲೀವರೆಗೂ ಕೇಳಿಸ್ತು. ಅದರ ಮೇಲೆ ಅಣ್ಣನ ದನಿ, ಒಡೆದ ದನಿ:

"ಸಿಂತೊ! ಸುಳ್ಳು ಅಂತ ಹೇಳೋ! ಅಮ್ಮನಾಣೆ, ಸುಳ್ಳು ಅಂತ ಹೇಳೋ!"

ಸಿಂತೊ ತುತ್ತೂರಿ ಕೆಳಗಿಳಿಸ್ದ. ಒಂದೇ ಮಾತು ಸಾಕಿತ್ತು. ಆಡ್ಲಿಲ್ಲ.

ಅಣ್ಣನ್ನ ಗುಡ್ಡದ ಹಿಂದಕ್ಕೆ ದಬ್ಕೊಂಡು ಹೋದ್ರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಗುಂಡಿನ ಸದ್ದು ಬಂತು, ಒಂದೇ ಒಂದು.

ಬಾದಿಯಾ ಬಂದೂಕು ಕೆಳಗಿಟ್ಟ. ಸಿಂತೊನ ಹೆಗಲ ಮೇಲೆ ಕೈ ಇಟ್ಟು ಕೂತ.

ಬೆಳಕು ಹರಿಯೋವಾಗ ದೋಣಿಗಳು ನೀರಿಗಿಳಿದ್ವು. ನಡುನೀರಿಗೆ ಬರೋವಷ್ಟರಲ್ಲಿ ಮೂರನೇ ಕಾವಲಿನ ಮೆಷಿನ್‌ಗನ್ ಒಂದ್ಸಲ ಕೆಮ್ಮಿತು. ಸಿಂತೊನ ಪಕ್ಕ ಹುಟ್ಟು ಹಾಕ್ತಿದ್ದೋನು ಸದ್ದಿಲ್ದೆ ನೀರಿಗೆ ಜಾರಿದ. ತುತ್ತೂರಿಗೊಂದು ತೂತು ಬಿತ್ತು. ಅಷ್ಟರಲ್ಲಿ ದಡ ಸೇರಿದ್ದ ಬಾದಿಯಾ ಗ್ರೆನೇಡ್ ಎಸೆದ. ಗನ್ ನಿಂತಿತು.

ಸಿಂತೊ ಓಡಿ ಹೋಗಿ ಕಾವಲಿನೊಳಗೆ ಇಣುಕಿದ. ಮಣ್ಣಿನ ಚೀಲಗಳ ಮೇಲೆ ಒಬ್ಬ ಬೋರಲು ಬಿದ್ದಿದ್ದ. ತಿರುಗಿಸೋಕೆ ಕೈ ಬರಲಿಲ್ಲ, ಆದ್ರೂ ತಿರುಗಿಸ್ದ. ಕೊರಳಿನ ಬಿಲ್ಲೆ ಮೇಲಿನ ಹೆಸರು ಓದಿದ. ಉರ್ಬಾನೊ. ಇಷ್ಟು ದಿನ ಬರೀ ದನಿ ಆಗಿದ್ದೋನಿಗೆ ಮುಖ ಇತ್ತು, ಸಿಡುಬಿನ ಕಲೆ ಇತ್ತು. ಕಿವಿ ಹಿಂದೆ ಒಂದು ಸಿಗರೇಟು, ಸಿಂತೊ ಕೊಟ್ಟ ಕಾಗದದಲ್ಲೇ ಸುತ್ತಿದ್ದು, ಹಚ್ಚದೇ ಇದ್ದಿದ್ದು.

ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲಿನ ಹಳ್ಳಿ ಕೈಗೆ ಬಂತು. ಕ್ಯಾಪ್ಟನ್ ಬೂಟು ಬಿಟ್ಟೇ ಓಡಿದ್ದ. ಸಿಂತೊ ಕಂಡ ಕಂಡ ಬಾಗಿಲು ಒದ್ಕೊಂಡು ಹೋದ. ಅಲ್ಲಿನ ಒಂದು ಬೇಕರಿ ಹಿಂದಿನ ಹಂದಿ ದೊಡ್ಡೀಲಿ ಹುಲ್ಲಿನ ಮೇಲೆ ಯಾರೋ ಕೂತಿದ್ರು. ಒಂದು ಕಣ್ಣು ಊದಿ ಮುಚ್ಚಿತ್ತು, ಬೆನ್ನಿನ ತುಂಬ ಬೆಲ್ಟಿನ ಬಾಸುಂಡೆ.

"ಅಣ್ಣಾ!"

ಮೆಲ್ಸಿಯೊರ್ ಎದ್ದು ಬಂದು ತಮ್ಮನ ಕಪಾಳಕ್ಕೆ ಬಾರಿಸ್ದ. ಸಿಂತೊ ಇನ್ನೊಂದು ಕೆನ್ನೆ ಕೊಟ್ಟ. ಅದಕ್ಕೂ ಬಿತ್ತು.

"ಗುಂಡಿನ ಸದ್ದು ಕೇಳಿಸ್ತಲ್ಲ..." ಅಂದ ಸಿಂತೊ.

"ಕಾಲಿನ ಪಕ್ಕ ಹೊಡೆದ್ರು, ಒಪ್ಕೋ ಅಂತ. ನಾನು ಒಪ್ಕೊಳ್ಲಿಲ್ಲ." ಮೆಲ್ಸಿಯೊರ್ ಸುತ್ತ ಕಣ್ಣಾಡಿಸ್ದ. ಸುತ್ತ ಗಣರಾಜ್ಯದ ಸೈನಿಕರು, ದೂರದಲ್ಲಿ ನದಿ, ನದಿ ತುಂಬ ದೋಣಿ. ಒಂದೊಂದಾಗಿ ಎಲ್ಲಾ ಅರ್ಥ ಆಗ್ತಾ ಹೋಯ್ತು ಅವನಿಗೆ. "ಬೆಳಿಗ್ಗೆ ನನ್ನ ಜಾಗದಲ್ಲಿ ಯಾರಿದ್ರು?"

ಸಿಂತೊ ತುತ್ತೂರಿ ಬೆನ್ನಿಗೆ ಸರಿಸ್ದ.

"ಯಾರಿದ್ರೋ?"

"ಉರ್ಬಾನೊ."

ಮೆಲ್ಸಿಯೊರ್ ಕೈ ಮೇಲೆತ್ತಿ, ತಾನೇ ಹೋಗಿ ಕೈದಿಗಳ ಸಾಲಲ್ಲಿ ನಿಂತ. ಸಾಲಿನಲ್ಲಿದ್ದೋರು ಪಕ್ಕಕ್ಕೆ ಸರಿದ್ರು. ಒಬ್ಬ ಅವನ ಕಾಲ ಹತ್ರ ಉಗಿದ. "ನಮ್ಮ ತಂಬಾಕು ಕಳ್ಳ ಬಂದ ನೋಡ್ರೋ."

ನದಿವರೆಗೂ ಸಿಂತೊ ಪಕ್ಕದಲ್ಲೇ ನಡೆದ.  ದೋಣಿ ಹತ್ತೋಕೆ ಮುಂಚೆ ಅಣ್ಣ ನಿಂತ, ತಮ್ಮನ ಬೆನ್ನಿಗೆ ನೇತಾಡ್ತಿದ್ದ ತುತ್ತೂರಿ ಕಡೆ ಗದ್ದದಲ್ಲೇ ತೋರಿಸ್ದ.

"ಹೇಳು."

"ಅಣ್ಣ, ನೀನು ಬದುಕಿದ್ಯಲ್ಲ, ಅಷ್ಟು ಸಾಲ್ದಾ?"

"ಹೇಳು. ನಿನ್ನೆ ಹೇಳ್ದಷ್ಟೇ ಜೋರಾಗಿ."

ಸಿಂತೊ ತುತ್ತೂರಿ ಎತ್ತಿ, ತೂತಿನ ಮೇಲೆ ಬೆರಳು ಮುಚ್ಚಿ, ಕೂಗಿದ. ಮೆಲ್ಸಿಯೊರ್ ಕಳ್ಳ ಅಲ್ಲ. ಮೆಲ್ಸಿಯೊರ್ ಏನೂ ಕದ್ದಿಲ್ಲ. ಸುಳ್ಳು ಹೇಳಿದ್ದು ನಾನು. ಕೈದಿಗಳು ತಿರುಗಿ ನೋಡಿದ್ರು. ದಡದಲ್ಲಿ ಹೊಸ ಸೇತುವೆ ಕಟ್ತಾ ಮೊಳೆ ಹೊಡೀತಿದ್ದೋರು ಸುತ್ತಿಗೆ ನಿಲ್ಲಿಸಿದ್ರು. ಮಾತು ಬಂಡೆಗೆ ಬಡಿದು ವಾಪಸ್ ಬಂತು. ಮೂರನೇ ಕಾವಲಿನಿಂದ ಕೆಮ್ಮಿಕೊಂಡು ಉತ್ತರ ಕೊಡೋಕೆ ಯಾರೂ ಇರಲಿಲ್ಲ.

"ಇನ್ನೊಂದ್ಸಲ," ಅಂದ ಮೆಲ್ಸಿಯೊರ್, ದೋಣಿಯಿಂದ.