ಹಾಳೆಯ ಹಿಂದಿನ ಮಗ್ಗಲು

“ಮಾಸ್ತರ, ರಫ್ ಹಾಳಿ ಮುಗದಾವ್ರಿ!”

“ಕಪಾಟಿನ ಕೆಳಗಿನ ಖಾನೇದಾಗ ಇನ್ನೊಂದು ಕಟ್ಟು ಅದ ನೋಡವಾ. ಹಿಂದಿನ ಮಗ್ಗಲು ಖಾಲಿ ಅದ, ಅದರ ಮ್ಯಾಲೆ ಹೊಡಿ.”

ಪಂಢರಿನಾಥ ಮಾಸ್ತರರು ಹೀಗೆಂದು ಟೈಪಿಂಗ್ ಕಲಿಯಲು ಬಂದ ಹುಡುಗಿಯನ್ನು ಕಳಿಸಿದಾಗ ನನ್ನ ಕಬ್ಬಿಣದ ಎದೆ ಧಸಕ್ಕೆಂದಿತು. ಆ ಕಟ್ಟು ದಾನಮ್ಮನ ಕಾದಂಬರಿಯ ಕಾರ್ಬನ್ ಪ್ರತಿ!

ನಾನು ಒಂದು ಕನ್ನಡ ಟೈಪ್‌ರೈಟರ್. ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಗದಗಿಗೆ ಬಂದು, ಮಾಸ್ತರರ ಟೈಪಿಂಗ್ ಶಾಲೆಯ ಕಿಟಕಿಯ ಪಕ್ಕ ಕುಳಿತವನು. ಎಷ್ಟು ಬೆರಳುಗಳು ನನ್ನನ್ನು ಕುಟ್ಟಿದವೋ! ದಾನಮ್ಮನ ಬೆರಳುಗಳು ಮಾತ್ರ ಕುಟ್ಟುತ್ತಿರಲಿಲ್ಲ, ಮಾತಾಡುತ್ತಿದ್ದವು. ತಾಯಿಯಿಲ್ಲದವಳು. ಚಿಗವ್ವನ ಮನೆಯಲ್ಲಿ ರೊಟ್ಟಿ ಬಡಿಯುತ್ತ, ಅವಳ ಮಕ್ಕಳಿಗೆ ಕತೆ ಹೇಳುತ್ತ ಬೆಳೆದಳು. ಏಳನೇ ಇಯತ್ತೆಗೇ ಶಾಲೆ ಬಿಟ್ಟಳು. ಇಲ್ಲಿ ಕೂಲಿಗೆ ಸೇರಿ, ದಿನವಿಡೀ ಊರವರ ಅರ್ಜಿ ಹೊಡೆದು, ಒಂದು ತರಗತಿ ಬಿಟ್ಟು ಇನ್ನೊಂದು ಕೂಡುವ ನಡುವಿನ ಹೊತ್ತಿನಲ್ಲಿ ತನ್ನದೊಂದು ಪುಟ ಹೊಡೆಯುತ್ತಿದ್ದಳು. ತಪ್ಪಿಸಿಕೊಂಡ ಆಡಿನಮರಿಯೊಂದು ಗೂಡ್ಸ್ ಗಾಡಿ ಹತ್ತಿ ಊರೂರು ಸುತ್ತುವ ಕತೆ. ಎರಡು ವರ್ಷ ಹಿಡಿಯಿತು. ಮೂಲಪ್ರತಿ ಧಾರವಾಡದ ಪ್ರಕಾಶಕರಿಗೆ ಹೋಯಿತು. ಕಾರ್ಬನ್ ಪ್ರತಿ ಮನೆಯಲ್ಲಿದ್ದರೆ ಒಲೆಗೆ ಹೋದೀತೆಂದು ಇಲ್ಲಿಯೇ, ರದ್ದಿಯ ನಡುವೆ ಯಾರೂ ನೋಡಲಾರರೆಂದು ಆ ಖಾನೆಯಲ್ಲಿಯೇ ಇಟ್ಟಳು. ಮಾಸ್ತರರಿಗೆ ಹೇಳಲು ನಾಚಿಕೆ.

ಒಂದು ಮಗ್ಗಲು ಹೊಡೆದ ಹಾಳೆಯೆಲ್ಲ ಅಭ್ಯಾಸಕ್ಕೆ ಎಂಬುದು ಶಾಲೆಯ ರೂಢಿ. ಹುಡುಗಿ ಮೊದಲ ಹಾಳೆಯನ್ನು ನನಗೇ ಸಿಕ್ಕಿಸಿದಳು. ತಡೆಯಲು ನನಗೆಲ್ಲಿಯ ಕೈ? ಕೀಲಿ ಬಿಗಿಹಿಡಿದು ನೋಡಿದೆ, ಅವಳು ಇನ್ನೂ ಜೋರಾಗಿ ಕುಟ್ಟಿದಳು. ಆ ತೆಳು ಹಾಳೆಗಳ ಬೆನ್ನನ್ನು ನನ್ನ ಅಚ್ಚಿನಿಂದಲೇ ತೂತು ಬೀಳುವಂತೆ ಹೊಡೆದೆ. ದಾನಮ್ಮ ಊರಲ್ಲಿಲ್ಲದ ಆ ಒಂದೇ ವಾರದಲ್ಲಿ ಕಟ್ಟು ಕರಗಿ, ಬೀದಿಯ ಶೇಂಗಾ ಪೊಟ್ಟಣವಾಯಿತು.

ಮುಂದಿನ ತಿಂಗಳು ಪ್ರಕಾಶಕರ ಕಾಗದ ಬಂತು: ಮೂಲಪ್ರತಿಯನ್ನು ಗೆದ್ದಲು ತಿಂದಿದೆ, ಇನ್ನೊಂದು ಪ್ರತಿಯನ್ನು ಹದಿನೈದು ದಿನದೊಳಗೆ ಕಳಿಸಿದರೆ ಮಾತ್ರ ಅಚ್ಚಿಗೆ ಹೋಗುತ್ತದೆ. ದಾನಮ್ಮ ಧೈರ್ಯವಾಗಿಯೇ ಖಾನೆಗೆ ಕೈ ಹಾಕಿದಳು.

“ಮಾಸ್ತರ, ಇಲ್ಲೊಂದು ಕಟ್ಟು ಇತ್ತಲ್ರೀ?”

“ಅಯ್ಯ, ಅದು ರಫ್ ಅಲ್ಲೇನವಾ?”

ಅವಳು ಹಾಳೆ ಸುತ್ತುವ ನನ್ನ ರಬ್ಬರ್ ಉರುಳೆಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಎರಡು ವರ್ಷದ ಅಕ್ಷರಗಳ ಗುರುತುಗಳೆಲ್ಲ ಅಲ್ಲೇ ಇದ್ದವು, ಒಂದರ ಮೇಲೊಂದು, ಒಂದನ್ನೂ ಓದಲಾಗಲಿಲ್ಲ. ನನಗೆ ಪ್ರತಿ ಸಾಲೂ ಬಾಯಿಪಾಠ. ಬಾಯಿಯೇ ಇಲ್ಲ!

ಹದಿನೈದು ದಿನ ನೆನಪು ಕೆದಕಿ ಹೊಡೆದಳು. ಕತೆ ಮೊದಲಿನ ದಾರಿ ತಪ್ಪಿದಾಗಲೆಲ್ಲ ನಾನು ಕೀಲಿ ಬಿಗಿಹಿಡಿದೆ. ಅವಳು ಕೀಲಿಗೆ ಎಣ್ಣೆ ಬಿಟ್ಟು ಮುಂದೆ ಸಾಗಿದಳು. ಆ ಪುಸ್ತಕವೇ ಅವಳಿಗೆ ಹೆಸರು ತಂದಿತು. ಆಮೇಲೆ ಮಕ್ಕಳಿಗಾಗಿ ಇನ್ನೂ ಒಂಬತ್ತು ಕಾದಂಬರಿ ಬರೆದಳು.

ಶಾಲೆ ಮುಚ್ಚಿ ಗುಜರಿಯವನು ಬಂದ ಬೆಳಿಗ್ಗೆ, ತಲೆ ನರೆತ ದಾನಮ್ಮ ನನ್ನನ್ನು ನೋಡಲು ಬಂದಳು.

“ನಿನ್ನ ಆಡಿನಮರಿ ನನ್ನ ಮೊಮ್ಮಕ್ಕಳನ್ನ ಊಟಕ್ಕ ಏಳಗೊಡೂದಿಲ್ಲವಾ,” ಎಂದರು ಮಾಸ್ತರರು.

“ಕಳದದ್ದು ಇದಕ್ಕಿಂತ ಚಲೋ ಇತ್ರೀ.”

“ಅದನ್ನ ಓದಿದವರು ಯಾರಿದ್ದಾರ, ಹೇಳ್ಲಿಕ್ಕೆ?”

“ಯಾರೂ ಇಲ್ರಿ. ಅದಽ ಸಂಕಟ.”

ನಾನಿದ್ದೆ.

ಗುಜರಿಯವನು ನನ್ನನ್ನು ಓರೆಯಾಗಿ ಎತ್ತಿದ. ಉರುಳೆಯನ್ನು ಹೊತ್ತ ನನ್ನ ಸಡಿಲ ಕ್ಯಾರೇಜ್ ಜಾರಿ, ಸಾಲಿನ ಕೊನೆ ಮುಟ್ಟಿ ಟಣ್ ಎಂದಿತು. ಬಾಗಿಲ ಕಡೆ ತಿರುಗಿದ್ದ ದಾನಮ್ಮನ ಎಡಗೈ ತಾನಾಗಿಯೇ ಚಾಚಿ, ಅದನ್ನು ಹೊಸ ಸಾಲಿನ ಮೊದಲಿಗೆ ತಳ್ಳಿತು.